ಗಷ್ಟು ಓದುವ ಗುಯ್‌ಲಾನ್

ಚೀನಾದ ನಮ್ಮ ಬೋಝೌ ಊರಿನ ಎಣ್ಣೆಗಾಣದ ಓಣಿಯಲ್ಲಿ ಯಾರಿಗೆ ಏನು ಕಾಯಿಲೆ ಎಂದು ತಿಳಿಯಲು ಓಣಿಯ ಬಾಯಿಗೆ ಹೋಗಿ ನೆಲ ನೋಡಿದರೆ ಸಾಕು. ಕಷಾಯ ಕುಡಿದ ಮೇಲೆ ಮಡಕೆಯಲ್ಲಿ ಉಳಿದ ಗಷ್ಟನ್ನು ನಾವು ದಾರಿಯಲ್ಲಿ ಸುರಿಯುತ್ತೇವೆ. ಹೋಗಿಬರುವವರು ಅದನ್ನು ತುಳಿಯಬೇಕು, ಅವರ ಕಾಲಿಗೆ ಅಂಟಿಕೊಂಡು ಕಾಯಿಲೆ ಓಣಿ ಬಿಟ್ಟು ಹೊರಡಬೇಕು. ಎಲ್ಲಿಗೆ ಹೊರಡಬೇಕು ಎಂದು ಇದುವರೆಗೆ ಯಾರೂ ಕೇಳಿಲ್ಲ. ಪಕ್ಕದ ಓಣಿಗೆ ಹೋದರೆ ಹೋಗಲಿ, ಅವರೇನು ಕಡಿಮೆಯೇ, ಅವರ ಗಷ್ಟನ್ನು ನಮ್ಮ ಕಡೆಗೇ ಸುರಿಯುತ್ತಾರೆ. ಬೀದಿ ಗುಡಿಸುವ ಹೆಂಗಸು ಮಾತ್ರ ಎರಡೂ ಓಣಿಯ ಕಾಯಿಲೆಯನ್ನು ಒಂದೇ ಪೊರಕೆಯಲ್ಲಿ ಬಳಿಯುತ್ತಾಳೆ. ಅವಳಿಗೆ ಏನಾಗುತ್ತದೆ ಎಂದೂ ಯಾರೂ ಕೇಳಿಲ್ಲ.

ಈ ಗಷ್ಟನ್ನು ಪುಸ್ತಕದ ಹಾಗೆ ಓದುವವಳು ಶೆಂಗ್ ಗುಯ್‌ಲಾನ್. ಓಣಿಗೆಲ್ಲ ಅವಳು ದೊಡ್ಡಮ್ಮ. ಊರಿನ ಹಳೇ ಮದ್ದಿನಂಗಡಿಯಲ್ಲಿ ಮೂವತ್ತೆಂಟು ವರ್ಷ ನಾನೂರು ಖಾನೆಗಳ ಬೀರುವಿನ ಮುಂದೆ ನಿಂತು, ವೈದ್ಯರ ಚೀಟಿ ನೋಡಿ, ಖಾನೆ ಎಳೆದು, ಬೇರು ತೊಗಟೆ ಬೀಜಗಳನ್ನು ಪುಟ್ಟ ತಕ್ಕಡಿಯಲ್ಲಿ ತೂಗಿ ಪೊಟ್ಟಣ ಕಟ್ಟಿದವಳು. ಖಾನೆಯ ಮೇಲಿನ ಹೆಸರನ್ನು ಅವಳು ನೋಡುತ್ತಲೇ ಇರಲಿಲ್ಲ, ಕೈ ತಾನಾಗಿ ಹೋಗುತ್ತಿತ್ತು. ಹಾಗೆ ಎಳೆದೆಳೆದು ಸವೆದ ಬಲಗಡೆಯ ಹೆಗಲು ಆರು ವರ್ಷದ ಹಿಂದೆ ಪೂರಾ ಹಿಡಿದುಕೊಂಡಿತು. ಈಗ ತಲೆ ಬಾಚಿಕೊಳ್ಳಬೇಕಾದರೆ ಅವಳು ಕೈಯನ್ನು ತಲೆಗೆ ಎತ್ತುವುದಿಲ್ಲ, ತಲೆಯನ್ನೇ ಕೈಯ ಹತ್ತಿರ ತರುತ್ತಾಳೆ.

ಆ ಅಂಗಡಿಯಲ್ಲಿ ಕೂರುವ ಲಿಯಾವ್ ವೈದ್ಯರು ಸೂಜಿ ಚಿಕಿತ್ಸೆಗೆ ಹೆಸರಾದವರು. ಎಂಬತ್ತರ ಹತ್ತಿರ ಬಂದರೂ ಕೈ ನಡುಗುವುದಿಲ್ಲ. “ಗುಯ್‌ಲಾನ್, ಹತ್ತು ಸಲ ಬಂದು ಮಲಕ್ಕೋ, ಹೆಗಲು ಸಡಿಲ ಮಾಡ್ತೀನಿ” ಎಂದು ಆರು ವರ್ಷದಿಂದ ಕರೆಯುತ್ತಿದ್ದಾರೆ. “ನಾಳೆ ಬರ್ತೀನಿ ವೈದ್ಯರೇ” ಎಂದು ಇವಳೂ ಆರು ವರ್ಷದಿಂದ ಹೇಳುತ್ತಿದ್ದಾಳೆ. ಸೂಜಿ ಎಂದರೆ ಅವಳಿಗೆ ಜೀವವೇ ಬಾಯಿಗೆ ಬರುತ್ತದೆ. ಕೆಲಸದಲ್ಲಿದ್ದಾಗಲೂ ಸೂಜಿಯ ಕೋಣೆಗೆ ಚಹಾ ಕೊಡಬೇಕಾದರೆ ಕಣ್ಣು ಮುಚ್ಚಿಕೊಂಡು ಪರದೆಯ ಸಂದಿಯಿಂದ ಕೈ ಚಾಚುತ್ತಿದ್ದಳು. ಒಂದು ಸಲ ಲೋಟವನ್ನು ಅಲ್ಲಿ ಮಲಗಿದ್ದ ರೋಗಿಯ ಹೊಟ್ಟೆಯ ಮೇಲೆ ಇಟ್ಟು ಬಂದಳು. ಆ ಮನುಷ್ಯ ಮೈತುಂಬ ಸೂಜಿ ಹೊತ್ತು ಅಲುಗಾಡಲಾರದೆ, ಚಹಾ ಆರುವವರೆಗೆ ಉಸಿರನ್ನೂ ಅಳೆದು ಅಳೆದು ಬಿಟ್ಟನಂತೆ.

ನಿವೃತ್ತಿಯಾದ ಮೇಲೆ ದೊಡ್ಡಮ್ಮನಿಗೆ ಖಾನೆಗಳು ಹೋದವು, ಕಣ್ಣು ಉಳಿಯಿತು. ಬೆಳಿಗ್ಗೆ ತರಕಾರಿಗೆ ಹೊರಟರೆ ಓಣಿಯ ಬಾಯಲ್ಲಿ ನಿಂತು ಚೀಲದಿಂದ ಒಂದು ಕಡ್ಡಿ ತೆಗೆದು ಗಷ್ಟನ್ನು ಕೆದಕುವುದು ಅವಳ ಅಭ್ಯಾಸ. ಅದರಿಂದಲೇ ಹನ್ನೊಂದು ವರ್ಷದ ಹಿಂದೆ ಒಂದು ಅನಾಹುತವಾಯಿತು. ಎದುರು ಮನೆಯ ಕಾಂಗ್ ಮಾವನ ಬಾಗಿಲ ಮುಂದಿನ ಗಷ್ಟಿನಲ್ಲಿ ಹೋತದ ಸೊಪ್ಪು ಕಂಡಿತು. ಹೋತಗಳು ಮೇಯ್ದರೆ ಹೆಣ್ಣಾಡುಗಳಿಗೆ ನೆಮ್ಮದಿ ಇಲ್ಲ ಎಂದು ಹೆಸರಾದ ಸೊಪ್ಪು ಅದು. ಗಂಡಸರು ಕುಡಿದರೂ ಹೇಳಿಕೊಳ್ಳುವುದಿಲ್ಲ. ದೊಡ್ಡಮ್ಮ ತುಂಬಿದ ತರಕಾರಿ ಸಂತೆಯಲ್ಲಿ ಕಾಂಗ್ ಮಾವನ ಹೆಂಡತಿ ರುಯ್‌ಫಾಂಗ್ ಅತ್ತೆಯನ್ನು ಹಿಡಿದು ನಿಲ್ಲಿಸಿ, ನಿಜವಾದ ಕಾಳಜಿಯಿಂದಲೇ, “ಏನೇ, ಗುಣ ಕಾಣಿಸ್ತಾ ಇದ್ಯಾ?” ಎಂದು ಕೇಳಿಬಿಟ್ಟಳು. ಮೂಲಂಗಿ ಮಾರುವವನು ತೂಗುವುದನ್ನೇ ಮರೆತ.

ಅಂದಿನಿಂದ ಕಾಂಗ್ ಮಾವ ದೊಡ್ಡಮ್ಮನ ಜೊತೆ ಮಾತು ಬಿಟ್ಟ. ಕೆಮ್ಮಿನ ಕಷಾಯ ಕುಡಿದರೂ ಗಷ್ಟನ್ನು ಡಬ್ಬಿಯಲ್ಲಿ ತುಂಬಿಕೊಂಡು, ಮೂರುಗಾಲಿ ಸೈಕಲ್ ತುಳಿದು, ಸೇತುವೆಯ ಆಚೆ ಸುರಿದು ಬರುತ್ತಿದ್ದ. ದೊಡ್ಡಮ್ಮನಿಗೂ ನಾಚಿಕೆಯಾಗಿತ್ತು. ಗಷ್ಟಿನಲ್ಲಿ ಕಂಡದ್ದನ್ನು ಇನ್ನು ಬಾಯಿ ಬಿಟ್ಟು ಹೇಳುವುದಿಲ್ಲ ಎಂದು ಆಣೆ ಮಾಡಿದಳು. ಕೆದಕುವುದನ್ನು ಬಿಡುತ್ತೇನೆ ಎಂದು ಮಾತ್ರ ಆಣೆ ಮಾಡಲಿಲ್ಲ.

ಹೀಗಿರುವಾಗ ಕಳೆದ ವಸಂತದಲ್ಲಿ ದೊಡ್ಡ ರಸ್ತೆಯಲ್ಲಿ ಒಂದು ಚಿಕಿತ್ಸಾಲಯ ತೆರೆಯಿತು. ಕೆಂಪು ಕಂಬ, ಚಿನ್ನದ ಬಣ್ಣದ ಬೋರ್ಡು, ಗೋಡೆ ಕಾಣದ ಹಾಗೆ ರೇಷ್ಮೆಯ ಕೃತಜ್ಞತಾ ಪತಾಕೆಗಳು. ಗುಣವಾದ ರೋಗಿಗಳು ವೈದ್ಯರಿಗೆ ಪತಾಕೆ ಕೊಡುವುದು ನಮ್ಮಲ್ಲಿ ಉಂಟು. ಆದರೆ ಬಾಗಿಲು ತೆರೆದ ಮೊದಲ ದಿನವೇ ಅರವತ್ತು ಪತಾಕೆ ಹೇಗೆ ಬಂದವು? ಯಾರೂ ಕೇಳಲಿಲ್ಲ. ಒಳಗೆ ಕೂತ ಫೆಯ್ ಎಂಬ ಮಹಾನುಭಾವ ಏನು ಓದಿದ್ದ, ಎಲ್ಲಿಂದ ಬಂದ? ಅದನ್ನೂ ಕೇಳಲಿಲ್ಲ. ಬಿಳಿ ಗಡ್ಡವಿತ್ತು, ನಾಡಿ ಹಿಡಿದು ಕಣ್ಣು ಮುಚ್ಚುತ್ತಿದ್ದ, ಅಷ್ಟು ಸಾಕಾಯಿತು. ಸುಳ್ಳೇಕೆ, ಕಾಲು ನೆನೆಸುವ ಪುಡಿ ಎಂದು ಎರಡು ಪೊಟ್ಟಣ ನಾನೂ ತಂದಿದ್ದೆ. ಮೋಸಗಾರನ ಬಾಗಿಲಲ್ಲಿ ಸರದಿ ನಿಂತವರಲ್ಲಿ ಅಕ್ಷರ ಬಲ್ಲವರೇ ಹೆಚ್ಚು ಎನ್ನುವುದಕ್ಕೆ ನಾನೇ ಸಾಕ್ಷಿ.

ಆ ಸರದಿಯಲ್ಲಿ ಕಾಂಗ್ ಮಾವನೂ ಇದ್ದ. ಮೂವತ್ತು ವರ್ಷ ಊರಿನ ಬಸ್ಸು ಓಡಿಸಿದವನು, ಈಗ ಎಪ್ಪತ್ತೊಂದು. ಬಿಪಿ ಇತ್ತು, ಒಂಬತ್ತು ವರ್ಷದಿಂದ ಮಾತ್ರೆ ನುಂಗುತ್ತಿದ್ದ. ಆಗಾಗ ತಲೆ ಸುತ್ತು. ಮೊಣಕಾಲು ಹೋದ ಹೆಂಡತಿಯನ್ನು ಮೂರುಗಾಲಿ ಸೈಕಲ್ಲಿನ ಹಿಂದೆ ಕೂರಿಸಿಕೊಂಡು, ಲಾರಿ ಬಸ್ಸುಗಳ ನಡುವೆ ದಿನವೂ ಸಂತೆಗೆ ಹೋಗುತ್ತಿದ್ದ.

ಒಂದು ಗುರುವಾರ ಬೆಳಿಗ್ಗೆ ದೊಡ್ಡಮ್ಮ ಬಾಗಿಲು ತೆರೆದರೆ ಎದುರುಮನೆಯ ಹೊಸಿಲ ಮುಂದೆಯೇ ಗಷ್ಟು ಬಿದ್ದಿದೆ. ಹನ್ನೊಂದು ವರ್ಷ ಸೇತುವೆ ದಾಟಿ ಸುರಿದವನು ಇವತ್ತು ಬಾಗಿಲಲ್ಲೇ ಸುರಿದಿದ್ದಾನೆ ಎಂದರೆ ಅವನಿಗೆ ಸೇತುವೆಯ ತನಕ ಹೋಗಲು ಆಗುತ್ತಿಲ್ಲ. ಕಡ್ಡಿ ತೆಗೆದಳು. ಕೊಕ್ಕೆ ಬಳ್ಳಿ, ತಗಚೆ ಬೀಜ. ತಲೆಸುತ್ತಿನ ಕಷಾಯ, ಸರಿ. ಅದಕ್ಕೆ ಮುಖ್ಯವಾದದ್ದು ತಿಯೆನ್‌ಮಾ ಗೆಡ್ಡೆ, ಬೆಲೆಬಾಳುವ ವಸ್ತು. ಅದರದು ಎನ್ನಿಸುವ ಬಿಲ್ಲೆಯೊಂದನ್ನು ಎತ್ತಿ ಬೆರಳಲ್ಲಿ ಒತ್ತಿದಳು. ಹಿಟ್ಟು ಹಿಟ್ಟಾಗಿ ಹೋಯಿತು. ಮೂಸಿದಳು. ನಾಲಿಗೆಗೂ ತಾಗಿಸಿದಳು.

ಆಲೂಗಡ್ಡೆ.

ಅದೇ ದಿನ ಮಧ್ಯಾಹ್ನ ಕಾಂಗ್ ಮಾವ ಸೈಕಲ್ಲನ್ನು ನೇರವಾಗಿ ಸೋಯಾ ಗಿಣ್ಣಿನ ತೋಫು ಅಂಗಡಿಯ ಮೇಲೆ ಹತ್ತಿಸಿದ. ರುಯ್‌ಫಾಂಗ್ ಅತ್ತೆಯ ಮೊಣಕೈ ತರಚಿತು, ಎರಡು ಹಲಗೆ ತೋಫು ರಸ್ತೆ ಪಾಲಾಯಿತು. “ಅಡ್ಡ ಬಂತು” ಎಂದ ಕಾಂಗ್ ಮಾವ. ಅಡ್ಡ ಬಂದದ್ದು ತೋಫು.

ದೊಡ್ಡಮ್ಮ ಇನ್ನು ಆಣೆಗೆ ಕಟ್ಟುಬಿದ್ದು ಕೂರಲಿಲ್ಲ. ನೀರಿನ ನಲ್ಲಿಯ ಹತ್ತಿರ ರುಯ್‌ಫಾಂಗ್ ಅತ್ತೆಯನ್ನು ಹಿಡಿದಳು.

“ನಿಮ್ಮೆಜಮಾನ್ರು ಕುಡೀತಿರೋದು ತಿಯೆನ್‌ಮಾ ಅಲ್ಲ ಕಣೇ. ಆಲೂಗಡ್ಡೆ.”

“ಏನು?”

“ಆಲೂಗಡ್ಡೆ. ಹೆಚ್ಚಿ ಪಲ್ಯ ಮಾಡ್ತೀಯಲ್ಲ, ಅದೇ.”

“ಮತ್ತೆ ನಮ್ಮನೆ ಗಷ್ಟು ಕೆದಕಿದ್ಯಾ?”

“ಕೆದಕಿದೆ, ಆಮೇಲೆ ಬೈಯಿ. ಬಿಪಿ ಮಾತ್ರೆ ನುಂಗ್ತಿದಾರೋ ಇಲ್ವೋ, ಅದನ್ನ ಮೊದ್ಲು ಹೇಳು.”

ರುಯ್‌ಫಾಂಗ್ ಅತ್ತೆಯ ದನಿ ಇಳಿಯಿತು. “ಬಿಟ್ಟು ಮೂರು ವಾರ ಆಯ್ತು. ಮಾತ್ರೆ ನುಂಗಿದ್ರೆ ಬೇರಿನ ಶಕ್ತಿ ಸತ್ತೋಗುತ್ತೆ ಅಂತ ಆ ಫೆಯ್ ಹೇಳ್ದ. ಭಾನುವಾರ ಅವನಿಗೆ ಪತಾಕೆ ಬೇರೆ ಕೊಡ್ತಾರಂತೆ, ಹೊಲಿಸಿಟ್ಟಿದಾರೆ.”

“ಅಯ್ಯೋ ಹಾಳಾದೋಳೇ, ಲಕ್ವ ಹೊಡೆದ್ರೆ ಪತಾಕೆ ಹೊದ್ದಿಸಿ ಮಲಗಿಸ್ತೀಯಾ? ಹೇಳು ಅವರಿಗೆ!”

“ನಾನು ಹೇಳಿದ್ರೆ ಕೇಳ್ತಾರಾ? ನೀನು ಹೇಳಿದ್ದು ಅಂತ ಗೊತ್ತಾದ್ರೆ ಹಟಕ್ಕೆ ಇನ್ನೊಂದು ಬಟ್ಟಲು ಕುಡೀತಾರೆ.”

ದೊಡ್ಡಮ್ಮ ನಲ್ಲಿ ನಿಲ್ಲಿಸಿದಳು. “ಒಂದು ಪೊಟ್ಟಣ ಕದ್ದು ತಾ” ಎಂದಳು.

ಶನಿವಾರ ಬೆಳಿಗ್ಗೆ ಓಣಿಯ ಮರದ ಕೆಳಗೆ ಕಾಂಗ್ ಮಾವ ಮತ್ತು ಕ್ಷೌರದ ಹೌ ಚದುರಂಗಕ್ಕೆ ಕೂತಿದ್ದರು. ಸುತ್ತ ನಾವು ನಾಲ್ಕು ಜನ, ಯಾರೂ ಕೇಳದಿದ್ದರೂ ನಡೆ ಹೇಳಿಕೊಡುವವರು. ರುಯ್‌ಫಾಂಗ್ ಅತ್ತೆ ಒಂದು ತಟ್ಟೆ ತಂದಿಟ್ಟಳು. ಒಣಮೆಣಸು ಸಿಡಿಸಿ, ವಿನೆಗರ್ ಹಾಕಿ ಹುರಿದ ತೆಳ್ಳನೆಯ ಬಿಲ್ಲೆಗಳು. ಕಾಂಗ್ ಮಾವ ಎರಡು ತುತ್ತು ತಿಂದ, ಹೌ ನಾಲ್ಕು ತಿಂದ.

“ರುಚಿ ಹೇಗಿದೆ ಕಾಂಗಣ್ಣ?” ಹಿಂದಿನಿಂದ ದೊಡ್ಡಮ್ಮನ ದನಿ.

ಕಾಂಗ್ ಮಾವ ತಿರುಗಲಿಲ್ಲ. “ಹೌ, ಅವಳಿಗೆ ಹೇಳು, ನಾನು ಅವಳ ಹತ್ರ ಮಾತಾಡಲ್ಲ ಅಂತ. ಆಲೂಗಡ್ಡೆ ಚೆನ್ನಾಗಿದೆ ಅಂತಾನೂ ಹೇಳು. ಸ್ವಲ್ಪ ಹಳೇದು.”

“ಅವಳು ಇಲ್ಲೇ ನಿಂತಿದಾಳಲ್ಲ ಮಾರಾಯ.”

“ಆದ್ರೂ ಹೇಳು.”

“ಹೌ, ನೀನೂ ಅವರಿಗೆ ಹೇಳು” ಎಂದಳು ದೊಡ್ಡಮ್ಮ. “ಅದು ಫೆಯ್ ಮಹಾಶಯರ ತಿಯೆನ್‌ಮಾ. ಬೆಳ್ಳಗೆ ಕಾಣ್ಲಿ ಅಂತ ಗಂಧಕದ ಹೊಗೆ ಹಾಕಿದಾರೆ, ಮೂರು ಸಲ ತೊಳೆದು ಹುರಿದಿದೀನಿ.”

ಪೊಟ್ಟಣದಲ್ಲಿ ಉಳಿದಿದ್ದನ್ನೆಲ್ಲ ಚದುರಂಗದ ಹಾಸಿನ ಮೇಲೆ ಸುರಿದಳು. ಜೇಬಿನಿಂದ ತನ್ನದೊಂದು ನಿಜವಾದ ಗೆಡ್ಡೆ ತೆಗೆದು ಕಾಂಗ್ ಮಾವನ ಮೂಗಿನ ಕೆಳಗೆ ಹಿಡಿದಳು. ಒಂದು ತುದಿಯಲ್ಲಿ ಗಿಣಿಯ ಕೊಕ್ಕಿನಂಥ ಮೊಳಕೆ, ಇನ್ನೊಂದು ತುದಿಯಲ್ಲಿ ಹೊಕ್ಕುಳಿನಂಥ ಗುಳಿ.

“ಮೂಸಿ.”

“ಥೂ! ಕುದುರೆ ಉಚ್ಚೆ!” ಕಾಂಗ್ ಮಾವ ಹೌ ಮೂಲಕ ಹೇಳುವುದನ್ನೇ ಮರೆತ.

“ಹ್ಞಾಂ. ಅಸಲಿದು ನಾರುತ್ತೆ. ನಿಮ್ದು ಘಮ ಘಮ ಅಂತಿದೆ, ಇನ್ನೊಂದು ತುತ್ತು ತಿನ್ನಿ.”

“ಆದ್ರೆ ನಂಗೆ ತಲೆಸುತ್ತು ಕಡಿಮೆ ಆಗಿದೆಯಲ್ಲ!”

“ಕಡಿಮೆ ಆಗಿದ್ರೆ ತೋಫು ಮೇಲೆ ಯಾಕೆ ಹತ್ತಿಸಿದ್ರಿ?” ಎಂದಳು ರುಯ್‌ಫಾಂಗ್ ಅತ್ತೆ, ಮೊಣಕೈಯ ಪಟ್ಟಿ ತೋರಿಸಿ.

ಕಾಂಗ್ ಮಾವ ಆ ಪಟ್ಟಿಯನ್ನು ನೋಡಿದ. ತಟ್ಟೆ ನೋಡಿದ. ಮುಖ ಕಪ್ಪಿಟ್ಟಿತು. ನಾವು ನಾಲ್ಕು ಜನವೂ ನಗಲು ಬಾಯಿ ತೆರೆದಿದ್ದೆವು, ಹಾಗೇ ಮುಚ್ಚಿಕೊಂಡೆವು.

“ಲಿಯಾವ್ ವೈದ್ಯರ ಹತ್ರ ಹೋಗೋಣ ಬನ್ನಿ” ಎಂದಳು ದೊಡ್ಡಮ್ಮ.

“ಬರ್ತೀನಿ. ಒಂದು ಷರತ್ತು.” ಕಾಂಗ್ ಮಾವನಿಗೆ ಮಾನ ಉಳಿಸಿಕೊಳ್ಳಲು ಏನಾದರೊಂದು ಬೇಕಿತ್ತು. “ಅಲ್ಲಿ ಪಕ್ಕದ ಮಂಚದ ಮೇಲೆ ನೀನೂ ಮಲಗಿ ಸೂಜಿ ಹಾಕಿಸ್ಕೋಬೇಕು. ಊರವರ ಹೊಟ್ಟೆಯೊಳಗಿನದನ್ನೆಲ್ಲ ಕೆದಕಿ ನೋಡ್ತೀಯಲ್ಲ, ನಿನ್ನ ಪಾಡನ್ನ ನಾನೂ ಒಂದಿನ ನೋಡ್ತೀನಿ. ಇಲ್ಲಾಂದ್ರೆ ಆಲೂಗಡ್ಡೆ ಕುಡ್ಕೊಂಡೇ ಸಾಯ್ತೀನಿ.”

ದೊಡ್ಡಮ್ಮ ಎರಡು ಹೆಜ್ಜೆ ಹಿಂದೆ ಸರಿದಳು. ಮರದ ಪಕ್ಕ ನಿಂತಿದ್ದ ಮೂರುಗಾಲಿ ಸೈಕಲ್ಲನ್ನು, ಅದರ ಹಿಂದೆ ರುಯ್‌ಫಾಂಗ್ ಅತ್ತೆ ಕೂರುವ ಸಣ್ಣ ಸ್ಟೂಲನ್ನು ನೋಡಿದಳು.

“ಆಯ್ತು ಏಳಿ” ಎಂದಳು.

ಲಿಯಾವ್ ವೈದ್ಯರು ಕಾಂಗ್ ಮಾವನ ನಾಡಿ ಹಿಡಿಯುವ ಮೊದಲು ಬಿಪಿ ಯಂತ್ರವನ್ನು ತೋಳಿಗೆ ಸುತ್ತಿದರು. ಮೇಲಿನದು ನೂರಾ ತೊಂಬತ್ತೆಂಟು. ಎದ್ದು ನಿಂತು ಬೈದರು. “ಇದಕ್ಕೆ ಸೂಜಿ ಅಲ್ಲ, ಆಂಬುಲೆನ್ಸು! ಮಾತ್ರೆ ಬಿಡು ಅಂತ ಹೇಳಿದ ವೈದ್ಯ ಯಾರೋ? ನಾನು ಅರವತ್ತು ವರ್ಷದಿಂದ ಬೇರು ಕೊಡ್ತಿದೀನಿ, ಯಾರಿಗಾದ್ರೂ ಹಾಗಂದಿದೀನಾ?” ಕಾಂಗ್ ಮಾವ ನಾಲ್ಕು ದಿನ ದೊಡ್ಡಾಸ್ಪತ್ರೆಯಲ್ಲಿ ಮಲಗಿದ. ಮಾತ್ರೆ ಮತ್ತೆ ಶುರುವಾಯಿತು.

ಫೆಯ್ ಚಿಕಿತ್ಸಾಲಯದ ಕಥೆಯನ್ನೂ ಹೇಳಿಬಿಡಬೇಕು. ದೂರು ಹೋಯಿತು, ಅಧಿಕಾರಿಗಳು ಬಂದರು, ಬಾಗಿಲಿಗೆ ಚೀಟಿ ಅಂಟಿಸಿದರು. ಹದಿನೈದು ದಿನಕ್ಕೆ ನದಿಯ ಆಚೆ ಬೇರೊಂದು ಹೆಸರಲ್ಲಿ ಕೆಂಪು ಕಂಬಗಳು ಎದ್ದವು. ಅದೇ ಗಡ್ಡ, ಅವೇ ಪತಾಕೆ. ನಮ್ಮ ಅಜ್ಜಂದಿರು ಬೆಟ್ಟ ಹತ್ತಿ ಬೇರು ಅಗೆದು, ಕಚ್ಚಿ ನೋಡಿ, ಕೆಲವರು ಸತ್ತೂ ನೋಡಿ ಕಟ್ಟಿದ ನಂಬಿಕೆ ಇದು. ಅದನ್ನು ಆಲೂಗಡ್ಡೆಯ ಹಾಗೆ ಹೆಚ್ಚಿ ಒಣಗಿಸಿ ಮಾರುವವನು ಮೇಜಿನ ಹಿಂದೆ ಕೂರುತ್ತಾನೆ. ಒಂದು ಬಿಲ್ಲೆ ಮುಟ್ಟಿ ಸುಳ್ಳನ್ನು ಹಿಡಿಯಬಲ್ಲವಳು ಬೀದಿಯಲ್ಲಿ ಬಗ್ಗಿ ಕಡ್ಡಿಯಿಂದ ಕೆದಕುತ್ತಾಳೆ, ಅವಳನ್ನು ನಾವು ಹುಚ್ಚಿ ಎಂದು ನಗುತ್ತೇವೆ.

ಆಸ್ಪತ್ರೆಯ ಗಲಾಟೆಯಲ್ಲಿ ಷರತ್ತು ಮರೆತುಹೋಗಿದೆ ಎಂದು ದೊಡ್ಡಮ್ಮ ನೆಮ್ಮದಿಯಿಂದಿದ್ದಳು. ಬಿಪಿ ಹತೋಟಿಗೆ ಬಂದ ವಾರದಲ್ಲೇ ಕಾಂಗ್ ಮಾವ ಅವಳ ಬಾಗಿಲಲ್ಲಿ ನಿಂತು, “ಏ ಶೆಂಗ್, ಹೊರಡು” ಎಂದ. ಹನ್ನೊಂದು ವರ್ಷದಲ್ಲಿ ಅವನು ಅವಳ ಬಾಗಿಲಿಗೆ ಬಂದದ್ದು ಅದೇ ಮೊದಲು.

ಅಲ್ಲಿ ನಡೆದದ್ದು ರುಯ್‌ಫಾಂಗ್ ಅತ್ತೆ ಹೇಳಿ ಒಂದು ಗಂಟೆಯೊಳಗೆ ಇಡೀ ಓಣಿಗೆ ಗೊತ್ತಾಯಿತು. ಎರಡು ಮಂಚ ಅಕ್ಕಪಕ್ಕ. ಕಾಂಗ್ ಮಾವನ ನೆತ್ತಿ, ಕೈ, ಪಾದಗಳಲ್ಲಿ ಸೂಜಿ. ದೊಡ್ಡಮ್ಮ ಕಣ್ಣು ಬಿಗಿಯಾಗಿ ಮುಚ್ಚಿ, ಇನ್ನೂ ಏನೂ ಆಗುವ ಮೊದಲೇ “ಅಯ್ಯಯ್ಯೋ” ಎನ್ನುತ್ತಿದ್ದಳು. ವೈದ್ಯರು ಅವಳ ಮೊಣಕಾಲ ಕೆಳಗೆ ಬೆರಳಿಟ್ಟು ಅಳೆದರು.

“ವೈದ್ಯರೇ, ನೋವು ಹೆಗಲಲ್ಲಿ! ಕಾಲು ಯಾಕೆ ಹಿಡ್ಕೊಂಡ್ರಿ?”

“ಹೆಗಲಿನ ಬೀಗಕ್ಕೆ ಕೀಲಿ ಇಲ್ಲೇ ಇರೋದು. ಸುಮ್ನಿರು.”

“ಯಾವಾಗ ಚುಚ್ತೀರಿ, ಹೇಳಿ ಚುಚ್ಚಿ.”

“ಚುಚ್ಚಿ ಆಯ್ತಲ್ಲ. ಈಗ ಕೈ ನಿಧಾನಕ್ಕೆ ಅಲ್ಲಾಡಿಸ್ತಾ ಇರು” ಎಂದು ಅವರು ಚಹಾಕ್ಕೆ ಹೋದರು.

ಅರ್ಧ ಗಂಟೆ ಮಲಗಬೇಕು. ಇಬ್ಬರೂ ಸೂಜಿ ಹೊತ್ತ ಮುಳ್ಳುಹಂದಿಗಳು. ಬಾಗಿಲ ಹತ್ತಿರ ಕುರ್ಚಿಯಲ್ಲಿ ರುಯ್‌ಫಾಂಗ್ ಅತ್ತೆ ಕಡಲೆಬೀಜ ಸುಲಿಯುತ್ತಿದ್ದಳು. ಕಾಂಗ್ ಮಾವ ಚಾವಣಿ ನೋಡುತ್ತ ಗಂಟಲು ಸರಿಮಾಡಿಕೊಂಡ.

“ಹನ್ನೊಂದು ವರ್ಷದಿಂದ ಒಂದು ಮಾತು ಹೇಳ್ಬೇಕು ಅಂತಿದ್ದೆ. ಆ ಹೋತದ ಸೊಪ್ಪು ನಂಗಲ್ಲ.”

“ಮತ್ಯಾರಿಗೆ?”

“ರುಯ್‌ಫಾಂಗ್ ತಮ್ಮ ಬಂದಿದ್ದ. ಪಾಪ, ಅವನ ಹೆಂಡ್ತಿಗೆ ಗೊತ್ತಾಗ್ಬಾರ್ದು ಅಂತ ನಮ್ಮನೇಲಿ ಕುದಿಸ್ಕೊಂಡ. ಮರ್ಯಾದೆ ಹೋಗಿದ್ದು ನಂದು.”

ದೊಡ್ಡಮ್ಮನಿಗೆ ಅಳುವೇ ಬಂದಿತು. “ತಪ್ಪಾಯ್ತು ಕಾಂಗಣ್ಣ. ತುಂಬಿದ ಸಂತೇಲಿ ನಿಮ್ಮ ಮಾನ ತೆಗೆದೆ.”

ಕುರ್ಚಿಯಲ್ಲಿ ಕಡಲೆಬೀಜ ಸುಲಿಯುವ ಸದ್ದು ನಿಂತಿತು.

“ನಂಗೆ ತಮ್ಮ ಎಲ್ಲಿದಾನ್ರೀ?” ಎಂದಳು ರುಯ್‌ಫಾಂಗ್ ಅತ್ತೆ. “ನಾವು ಐದೂ ಜನ ಹೆಣ್ಮಕ್ಕಳೇ ಅಲ್ವಾ?”

ಓಡಿಹೋಗೋಣವೆಂದರೆ ಕಾಂಗ್ ಮಾವನ ಪಾದಗಳಲ್ಲಿ ಆರು ಸೂಜಿ. ಕಣ್ಣು ಮುಚ್ಚಿ ನಿದ್ದೆ ಬಂದವನಂತೆ ಬಿದ್ದುಕೊಂಡ. ದೊಡ್ಡಮ್ಮನಿಗೆ ನಗು ಒತ್ತರಿಸಿ ಬಂದು ಮಂಚ ಕಿರುಗುಟ್ಟಿತು. ನಗುತ್ತಲೇ, ತನಗೇ ಗೊತ್ತಿಲ್ಲದೆ, ಅವನತ್ತ ಬೆರಳು ಮಾಡಿ ಬಲಗೈ ಎತ್ತಿದಳು. ಆರು ವರ್ಷ ಎದೆಯಿಂದ ಮೇಲೇಳದ ಕೈ ಕಿವಿಯ ಹತ್ತಿರ ಹೋಗಿ ನಿಂತಿತ್ತು.

ಕಾಂಗ್ ಮಾವ ಒಂದು ಕಣ್ಣು ತೆರೆದ.

“ಇಳಿಸು ಕೈಯ್ಯ” ಎಂದ. “ನಂಗೆ ಬಿಪಿ ಏರುತ್ತೆ.”