ಐದು ಅಂಕಿ ಒತ್ತಿದರೆ ಗದಗ

ಬೆಟಗೇರಿಯ ನೇಕಾರರ ಓಣಿಯಲ್ಲಿ ಇನ್ನೂ ಮಗ್ಗದ ಸದ್ದು ಎದ್ದಿಲ್ಲ. ಗಟಾರಕ್ಕೆಂದು ಯಂತ್ರ ತೋಡಿಟ್ಟ ತಗ್ಗಿನಲ್ಲಿ ನಿಂಗಪ್ಪ ಮೊಣಕಾಲೂರಿ ಕುಳಿತಿದ್ದಾರೆ. ಕೈಯಲ್ಲಿ ಹರಿದ ಟೆಲಿಫೋನ್ ಕೇಬಲ್. ಅದರ ಬಾಯಿಂದ ಚೆಲ್ಲಿದ ಬಣ್ಣದ ತಂತಿಗಳನ್ನು ಮಣ್ಣು ಕೊಡವಿ, ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡುತ್ತಾರೆ.

ದಂಡೆಯ ಮೇಲೆ ನಿಂತವರು ಎದುರುಮನೆಯ ರತ್ನವ್ವ. ಅವರ ಫೋನು ಸತ್ತು ನಾಲ್ಕು ದಿನವಾಯಿತು.

"ಸಿಕ್ಕತೇನೋ ನಿಂಗಪ್ಪಾ?"

"ತಡೀಬೇ ಯಕ್ಕಾ. ದೇವರ ಹುಡುಕಿದಂಗ ಐತಿ ಇದು."

"ದೇವ್ರಾಗಿದ್ರ ನಾಕ ದಿನದಾಗ ಕಣ್ಣ ತೆರೀತಿದ್ದ!"

ಓಣಿಯಲ್ಲಿ ಉಳಿದಿರುವ ತಂತಿಯ ಫೋನು ಇದೊಂದೇ. ಒಂದು ಮನೆಗಾಗಿ ಹೊಸ ಕೇಬಲ್ ಎಳೆಯುವುದಿಲ್ಲ, ಇವತ್ತು ಸರಿಯಾಗದಿದ್ದರೆ ನಂಬರು ರದ್ದು ಎಂದು ಮೇಲಿನವರು ಹೇಳಿಯಾಗಿದೆ. ರತ್ನವ್ವನ ತಂಗಿ, ಮುಂಡರಗಿಯಲ್ಲಿರುವ ದೇವವ್ವನಿಗೆ ಕಣ್ಣಿಲ್ಲ. ಆಕೆಯ ಬೆರಳಿಗೆ ಬರುವುದು ಅಕ್ಕನ ಈ ನಂಬರು ಮಾತ್ರ. ರತ್ನವ್ವ ಮೊಬೈಲ್ ತಂದು ಅದರ ಹೊಸ ನಂಬರು ಕಲಿಸಿಯೂ ನೋಡಿದರು. ಬೆರಳು ಹಳೆಯದಕ್ಕೇ ಹೋಗುತ್ತದೆ. ನೀವೇ ಫೋನು ಮಾಡಬಹುದಲ್ಲ ಎಂದರೆ ರತ್ನವ್ವ ಒಪ್ಪುವುದಿಲ್ಲ.

"ನಾ ಮಾಡಿದ್ರ ನಾ ಆಕಿ ಮನೀಗೆ ಹ್ವಾದಂಗ. ಆಕಿ ತವರಿಗೆ ಬರೂದು ಯಾವಾಗ? ಸೊನ್ನಿ, ಎಂಟು, ಮೂರು, ಏಳು, ಎರಡು ಒತ್ತಿದ್ರ ಗದಗ ಬಸ್‌ಸ್ಟ್ಯಾಂಡಿನಾಗ ಇಳದಂಗಂತ. ಮುಂದಿನ ಆರು ಒತ್ತಿದ್ರ ಬೆಟಗೇರಿ ಮನೀತನಕ ನಡಕೋತ ಬಂದಂಗ."

ಹಿಂದೆ ಮುಂಡರಗಿಯಿಂದ ಗದಗಕ್ಕೆ ಮಾತಾಡಬೇಕೆಂದರೆ ಟ್ರಂಕ್ ಕಾಲ್ ಬರೆಸಿ ಕಾದು ಕೂರಬೇಕಿತ್ತು. ೦೮೩೭೨ ಎಂಬ ಎಸ್‌ಟಿಡಿ ಕೋಡ್ ಬಂದಾಗ ಊರಿಗೆ ಇನ್ನೊಂದು ನಾಮಕರಣವಾದಂತಾಯಿತು. ಸೀರೆಯ ಡಬ್ಬಿ, ಅಂಗಡಿಯ ಬೋರ್ಡು, ಲಗ್ನಪತ್ರಿಕೆ, ಎಲ್ಲದರ ಮೇಲೂ ಆ ಐದು ಅಂಕಿ. ಮುಂಡರಗಿಗೆ ೦೮೩೭೧, ಶಿರಹಟ್ಟಿ-ಲಕ್ಷ್ಮೇಶ್ವರದ ಕಡೆಗೆ ೦೮೪೮೭.

"ಕೋಡ್ ನೋಡಿದ್ರ ಸಾಕ್ರಿ, ಬೀಗರು ಯಾ ಕಡ್ಯಾವ್ರಂತ ತಿಳೀತಿತ್ತು. ಈಗ ಹತ್ತ ಅಂಕಿ ಅದಾವು, ಊರ ಇಲ್ಲ," ಎನ್ನುತ್ತಾರೆ ನಿಂಗಪ್ಪ.

ನೇಕಾರರ ಮಗ ಅವರು. ಮನೆಯ ಮಗ್ಗ ನಿಂತ ಮೇಲೆ ಟೆಲಿಫೋನ್ ಇಲಾಖೆಯಲ್ಲಿ ಕಂಬದ ತಗ್ಗು ತೋಡುವ ಕೂಲಿಗೆ ಸೇರಿದರು. ಹರಿದ ಎಳೆ ಗಂಟು ಹಾಕಿ ಪಳಗಿದ ಬೆರಳು ಕಂಡ ಹಿರಿಯರೊಬ್ಬರು ಕೇಬಲ್ ಜೋಡಿಸಲು ಕೂರಿಸಿದರು. ನೌಕರಿ ಮಾತ್ರ ಕಾಯಂ ಆಗಲಿಲ್ಲ. ಮಳೆಗಾಲದಲ್ಲಿ ಕೆಸರು, ಬೇಸಿಗೆಯಲ್ಲಿ ಚೇಳು. ಒಂದು ಕಾಲಕ್ಕೆ ದಿನಕ್ಕೆ ಮೂವತ್ತು ದೂರು ಬರುತ್ತಿದ್ದವು. ಈಗ ವಾರಕ್ಕೆ ಎರಡೋ ಮೂರೋ.

ಬಿಸಿಲು ತಗ್ಗಿಗೆ ಇಳಿಯುವ ಹೊತ್ತಿಗೆ ಎರಡು ತುದಿ ಕೂಡುತ್ತವೆ. ಪರೀಕ್ಷೆಯ ಫೋನು ಸಿಕ್ಕಿಸಿ ಕಿವಿಗಿಟ್ಟ ನಿಂಗಪ್ಪ ಕಣ್ಣು ಮುಚ್ಚುತ್ತಾರೆ. "ಬಂತು, ಯಕ್ಕಾ. ಉಸರಾಡಾಕತ್ತೈತಿ."

ರತ್ನವ್ವ ಒಳಗೋಡಿ ಫೋನಿನ ಮುಂದೆ ಕೂರುತ್ತಾರೆ. ಪೂಜೆ ಮುಗಿಸಿ ಒತ್ತುವುದು ದೇವವ್ವನ ರೂಢಿ. ನಾಲ್ಕು ದಿನ ಸುಮ್ಮನೆ ಒತ್ತಿದವಳು ಇವತ್ತು ಒತ್ತುತ್ತಾಳೋ ಇಲ್ಲವೋ. ನಿಂಗಪ್ಪನೂ ಹೋಗುವುದಿಲ್ಲ, ಹೊಸ್ತಿಲಾಚೆ ನಿಂತೇ ಇದ್ದಾರೆ.

ಫೋನಿನ ಗಂಟೆ ಬಡಿದುಕೊಳ್ಳುತ್ತದೆ.

"ಯಕ್ಕಾ, ಬಂದೆ ನೋಡು! ನಾಕ ದಿನ ಬಾಗಲಾ ಹಾಕ್ಕೊಂಡು ಎಲ್ಲಿ ಹಾಳಾಗಿ ಹೋಗಿದ್ದಿಯವ್ವಾ?" ದೇವವ್ವನ ದನಿ ಹೊಸ್ತಿಲಿನವರೆಗೂ ಕೇಳುತ್ತದೆ.

ರತ್ನವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, ನೀನೂ ಮಾತಾಡೆಂದು ರಿಸೀವರನ್ನು ನಿಂಗಪ್ಪನತ್ತ ಚಾಚುತ್ತಾರೆ. ನಿಂಗಪ್ಪ ಚೀಲ ಹೆಗಲಿಗೇರಿಸುತ್ತಾರೆ.

"ತವರಿಗೆ ಬಂದಾಕಿ ಮಾತಿನಾಗ ನನ್ನದೇನೈತಿ? ಬಾಗಲಾ ತೆರದೇನಿ. ಅಷ್ಟ ಸಾಕು."