ಬಲಗಡೆ ಬಿದ್ದ ಹೂ

ನನ್ನ ತಂಗಿ ಪಿಯುಸಿಯಲ್ಲಿ ಸೈನ್ಸ್ ತೆಗೆದುಕೊಳ್ಳಲಿಲ್ಲ. ಗುಡಿಯ ಅಮ್ಮನವರು ಬೇಡ ಅಂದರು, ಅದಕ್ಕೇ ಬಿಟ್ಟಳು ಎಂದು ನಮ್ಮ ಮನೆಯಲ್ಲಿ ನಂಬಿದ್ದರು. ಅಮ್ಮನವರು ಬೇಡ ಅಂದಿರಲಿಲ್ಲ. ಹಾಗೆ ಹೇಳಿದವಳು ನಾನು.

ನಾವಿದ್ದದ್ದು ಕುಂಬಾರಕೊಪ್ಪಲಿನಲ್ಲಿ. ಅಪ್ಪ ಮೇಟಗಳ್ಳಿಯ ಒಂದು ಕಾರ್ಖಾನೆಗೆ ಪಾಳಿಯ ಮೇಲೆ ಹೋಗುತ್ತಿದ್ದರು. ನಾನು ಏಳನೇ ಕ್ಲಾಸು ಮುಗಿಸಿದ ಬೇಸಿಗೆಯಲ್ಲಿ ಅವ್ವ ತೀರಿಕೊಂಡಳು. ಶಾಲೆ ಶುರುವಾದಾಗ ನನ್ನನ್ನು ಹೋಗು ಎಂದು ಯಾರೂ ಹೇಳಲಿಲ್ಲ, ಹೋಗಬೇಡ ಎಂದೂ ಹೇಳಲಿಲ್ಲ. ಒಲೆಯ ಮುಂದೆ ಕೂತಿದ್ದೆ, ಹಾಗೇ ಕೂತುಬಿಟ್ಟೆ. ತಂಗಿ ಆಗ ಇನ್ನೂ ಚಿಕ್ಕವಳು. ಅವಳಿಗೆ ಜಡೆ ಹೆಣೆದು ಶಾಲೆಗೆ ಕಳಿಸುವುದು ನನ್ನ ಕೆಲಸವಾಯಿತು. ಕಳಿಸಿದೆ. ಅದರಲ್ಲಿ ನಾನು ತಪ್ಪು ಮಾಡಿಲ್ಲ.

ನಮ್ಮ ಎದುರುಮನೆಯವರು ಹಸು ಕಟ್ಟಿದ್ದರು. ಹಸುವಿಗೆ ಏನಾದರೂ ಆದರೆ ಒಂಟಿಕೊಪ್ಪಲಿನ ಕಡೆಯಿಂದ ದನದ ಡಾಕ್ಟರು ಸ್ಕೂಟರಿನಲ್ಲಿ ಬರುತ್ತಿದ್ದರು. ಆ ಸ್ಕೂಟರಿನ ಸದ್ದು ಕೇಳಿದರೆ ತಂಗಿ ಮಾಡುತ್ತಿದ್ದುದನ್ನು ಬಿಟ್ಟು ಓಡುತ್ತಿದ್ದಳು. ಹಸುವಿನ ಕೊಂಬು ಹಿಡಿದು ನಿಲ್ಲುವುದು, ಡಾಕ್ಟರಿಗೆ ಕೈ ತೊಳೆಯಲು ನೀರು ಹಾಕುವುದು ಎಲ್ಲ ಅವಳದೇ. ಒಂದು ಸಲ ಕರು ಅಡ್ಡ ಸಿಕ್ಕಿಕೊಂಡಿದ್ದಾಗ ಡಾಕ್ಟರು ತೋಳಿನವರೆಗೆ ಕೈ ಹಾಕಿ ಅದನ್ನು ತಿರುಗಿಸಿದ್ದನ್ನು ಅವಳು ಪಕ್ಕದಲ್ಲೇ ನಿಂತು ನೋಡಿದಳು. ಅವತ್ತು ಊಟಕ್ಕೆ ಕೂತಾಗ ಅಪ್ಪನಿಗೆ ಹೇಳಿದಳು, ತಾನು ದನದ ಡಾಕ್ಟರಾಗುತ್ತೇನೆ ಎಂದು.

ಅಪ್ಪ ನಕ್ಕರು. "ಹೆಣ್ಮಗು ದನದ ಡಾಕ್ಟ್ರಾ? ನಿನ್ನ ಮದ್ವೆಗೆ ಬಂದ ಗಂಡಿಗೆ ಮೊದ್ಲು ಬಾಯಿ ತೆಗ್ಸಿ ಹಲ್ಲು ಎಣಿಸ್ತೀಯ ಬುಡು."

"ಎಣಿಸ್ತೀನಿ ಕಣಪ್ಪ. ಹಲ್ಲು ಸರಿಯಿಲ್ದಿದ್ರೆ ವಾಪಸ್ ಕಳಿಸ್ತೀನಿ," ಎಂದಳು.

ಒಳಕೋಣೆಯಲ್ಲಿ ಮಲಗಿದ್ದ ಅಜ್ಜಿಯೂ ನಕ್ಕಳು. ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದಳು. ಆಮೇಲೆ ಏಳಲಿಲ್ಲ. ಅವಳನ್ನು ಮಗ್ಗುಲು ತಿರುಗಿಸುವುದು, ಬಟ್ಟೆ ಬದಲಿಸುವುದು, ಒಗೆಯುವುದು ನಾನು. ಸಂಜೆ ತಂಗಿ ಶಾಲೆಯಿಂದ ಬಂದಮೇಲೆ ಇಬ್ಬರೂ. ಅಜ್ಜಿ ಭಾರದ ಹೆಂಗಸು. ಒಬ್ಬಳೇ ಎತ್ತುವಾಗ ನನ್ನ ಬೆನ್ನು ಹಿಡಿದುಕೊಳ್ಳುತ್ತಿತ್ತು.

ತಂಗಿ ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸಿನಲ್ಲಿ ಪಾಸಾದಳು. ಅದು ತೊಂಬತ್ತರ ದಶಕದ ನಡುವಿನ ಮಾತು. ಅವಳ ಹೈಸ್ಕೂಲಿನಲ್ಲಿ ಗಣಿತದ ಮೇಡಂ ಒಬ್ಬರಿದ್ದರು. ಪಾಸಾದ ಮಕ್ಕಳ ಮನೆಯವರನ್ನು ಒಂದು ಶನಿವಾರ ಶಾಲೆಗೆ ಕರೆಸಿ, ಮುಂದೆ ಏನು ಓದಿಸಬಹುದು ಎಂದು ಕೂರಿಸಿ ಹೇಳುತ್ತಿದ್ದರು. ಆಗ ಅಂಥದ್ದನ್ನೆಲ್ಲ ಯಾರೂ ಮಾಡುತ್ತಿರಲಿಲ್ಲ. ಅಪ್ಪನಿಗೆ ಪಾಳಿ ಇತ್ತು, ನಾನು ಹೋದೆ. ಮಕ್ಕಳ ಬೆಂಚಿನಲ್ಲಿ ಮೊಣಕಾಲು ಒತ್ತಿಕೊಂಡು ಕೂತೆ.

ಮೇಡಂ ಬೋರ್ಡಿನ ಮೇಲೆ ಸೈನ್ಸ್, ಕಾಮರ್ಸ್, ಆರ್ಟ್ಸ್ ಎಂದು ಬರೆದು, ಯಾವುದರಿಂದ ಏನಾಗಬಹುದು ಎಂದು ವಿವರಿಸಿದರು. ಸಿಇಟಿ ಎಂಬ ಪರೀಕ್ಷೆ ಇದೆ, ಅದರಲ್ಲಿ ಚೆನ್ನಾಗಿ ಮಾಡಿದರೆ ಸರ್ಕಾರಿ ಸೀಟು ಸಿಗುತ್ತದೆ ಎಂದರು. ಆಮೇಲೆ ನನ್ನ ಹತ್ತಿರ ಬಂದು, "ನಿಮ್ಮ ತಂಗಿಗೆ ಪಶುವೈದ್ಯ ಆಗ್ಬೇಕು ಅಂತ ಆಸೆ. ಆಗ್ತಾಳೆ. ಸೈನ್ಸ್ ಕೊಡ್ಸಿ. ಪ್ರಾಕ್ಟಿಕಲ್ಸ್ ಇರೋದ್ರಿಂದ ಮನೆಗೆ ಬರೋದು ಸಂಜೆ ಆಗುತ್ತೆ, ಅಷ್ಟೇ. ಆರ್ಟ್ಸಾದ್ರೆ ಮಧ್ಯಾಹ್ನಕ್ಕೇ ಬಿಡ್ತಾರೆ," ಎಂದರು.

ಅಷ್ಟು ಹೊತ್ತು ಅವರು ಹೇಳಿದ್ದರಲ್ಲಿ ನನ್ನ ಕಿವಿಯಲ್ಲಿ ಉಳಿದದ್ದು ಅದೊಂದೇ ಮಾತು. ಮಧ್ಯಾಹ್ನಕ್ಕೇ ಬಿಡ್ತಾರೆ. ಮಧ್ಯಾಹ್ನ ಅವಳು ಬಂದರೆ ಅಜ್ಜಿಯನ್ನು ಇಬ್ಬರೂ ಎತ್ತಬಹುದು. ಆಮೇಲೆ ನಾನು ಸ್ವಲ್ಪ ಮಲಗಬಹುದು. ಇದಕ್ಕಿಂತ ದೊಡ್ಡ ಕಾರಣ ಇತ್ತು ಎಂದು ಬರೆಯಲು ಬಹಳ ಸಲ ನೋಡಿದ್ದೇನೆ. ಇರಲಿಲ್ಲ.

ನಮ್ಮ ಮನೆಯಲ್ಲಿ ಯಾವುದನ್ನೂ ಹೂ ಕೇಳದೆ ಮಾಡುತ್ತಿರಲಿಲ್ಲ. ನಮ್ಮ ಬೀದಿಯ ಕೊನೆಯಲ್ಲಿ ಅಮ್ಮನವರ ಗುಡಿ ಇದೆ. ಕೇಳಬೇಕಾದ್ದನ್ನು ಮನಸ್ಸಿನಲ್ಲಿ ಕೇಳಿಕೊಂಡು ನಿಂತರೆ ಪೂಜಾರಪ್ಪನವರು ಅಮ್ಮನ ಎರಡು ಭುಜಕ್ಕೂ ಒದ್ದೆ ಕಣಗಿಲೆ ಹೂ ಅಂಟಿಸುತ್ತಾರೆ. ಬಲಗಡೆಯದು ಮೊದಲು ಬಿದ್ದರೆ ಆಗಲಿ ಎಂದು, ಎಡಗಡೆಯದು ಬಿದ್ದರೆ ಬೇಡ ಎಂದು. ಬೇಗ ಬಿದ್ದರೆ ಗಟ್ಟಿ ಮಾತು, ತಡವಾಗಿ ಬಿದ್ದರೆ ಅರೆಮನಸ್ಸು. ಅಪ್ಪ ಮನೆಗೆ ಶೀಟು ಹಾಕಿಸಿದ್ದೂ ಹೂ ಕೇಳಿ, ಅಜ್ಜಿಗೆ ಆಪರೇಷನ್ ಬೇಡ ಅಂದದ್ದೂ ಹೂ ಕೇಳಿ.

"ಸೈನ್ಸಿಗೆ ಹಾಕ್ಬೋದಾ ಅಂತ ಶುಕ್ರವಾರ ಅಮ್ಮನ್ನ ಕೇಳ್ಬುಡಿ ಇಬ್ರೂ ಹೋಗಿ," ಎಂದು ಹೇಳಿ ಅಪ್ಪ ಕೆಲಸಕ್ಕೆ ಹೋದರು.

ಆ ಶುಕ್ರವಾರ ತಂಗಿ ಗುಡಿಗೆ ಬರುವ ಹಾಗಿರಲಿಲ್ಲ. ಹಿತ್ತಲಿನ ಕಡೆಯ ಮೂಲೆಯಲ್ಲಿ ತನ್ನ ಚಾಪೆ ಹಾಕಿಕೊಂಡು ಬೇರೆ ಕೂತಿದ್ದಳು. ಕಾಲೇಜಿಗೆ ಅರ್ಜಿ ಕೊಡುವ ದಿನ ಹತ್ತಿರ ಬಂದಿತ್ತು, ಇನ್ನೊಂದು ಶುಕ್ರವಾರ ಕಾಯುವ ಹಾಗಿರಲಿಲ್ಲ. "ಚೆನ್ನಾಗಿ ಕೇಳ್ಕೊಳಕ್ಕ. ದನದ ಡಾಕ್ಟ್ರು ಅಂತ ಬಿಡಿಸಿ ಹೇಳು, ಬರೀ ಡಾಕ್ಟ್ರು ಅನ್ಬೇಡ," ಎಂದಳು.

ನಾನು ಹಣ್ಣುಕಾಯಿ ಹಿಡಿದು ಒಬ್ಬಳೇ ಹೋದೆ. ಅವಳು ಹೇಳಿದ ಹಾಗೇ ಬಿಡಿಸಿ ಕೇಳಿಕೊಂಡೆ. ಪೂಜಾರಪ್ಪನವರು ಹೂ ಅಂಟಿಸಿ ಈಚೆ ಬರುವಷ್ಟರಲ್ಲಿ ಬಲಗಡೆಯ ಹೂ ಬಿತ್ತು. "ಕೇಳೋದೇ ತಡ, ಕೊಟ್ಬುಟ್ಳು ಕಣಮ್ಮ. ಒಳ್ಳೇದಾಯ್ತದೆ, ಓದ್ಸಿ," ಎಂದು ಆ ಹೂವನ್ನೇ ನನ್ನ ಕೈಗೆ ಹಾಕಿದರು.

ಗುಡಿಯಿಂದ ಮನೆಗೆ ದಾರಿ ಉದ್ದವಿಲ್ಲ. ಸುಳ್ಳು ಹೇಳಬೇಕು ಎಂದು ಯೋಚನೆ ಮಾಡಿಕೊಂಡು ಬಂದೆನೋ ಇಲ್ಲವೋ ಈಗ ಹೇಳಲಾರೆ. ಬಾಗಿಲು ದಾಟುವಾಗ ಒಳಗಿನಿಂದ ಅಜ್ಜಿ ಕೂಗುತ್ತಿದ್ದಳು, ಬಟ್ಟೆ ಒದ್ದೆಯಾಗಿದೆ ಎಂದು. ಹೂವನ್ನು ಬೋಗನ್ವಿಲ್ಲಾ ಗಿಡದ ಬುಡಕ್ಕೆ ಹಾಕಿದೆ.

ತಂಗಿ ಹಿತ್ತಲಿನಿಂದ ಕೇಳಿದಳು. "ಯಾವ ಕಡೆ ಬಿತ್ತು?"

"ಎಡಗಡೆ."

ಆಮೇಲೆ, "ಬೇಗ ಬಿತ್ತಾ, ತಡವಾಗಿ ಬಿತ್ತಾ?" ಎಂದಳು.

"ಬೇಗ," ಎಂದೆ. ಅದೊಂದು ನಿಜ.

ಅವಳು ಅಳಲಿಲ್ಲ. ಅತ್ತಿದ್ದರೆ ಬಾಯಿ ಬಿಡುತ್ತಿದ್ದೆ ಎಂದು ಬಹಳ ದಿನ ಅಂದುಕೊಂಡಿದ್ದೆ. ಈಗ ಹಾಗೂ ಅನ್ನಿಸುವುದಿಲ್ಲ. ಅಪ್ಪ ಬಂದು ಕೇಳಿ, "ಅಮ್ಮ ಬ್ಯಾಡ ಅಂದ್ಮೇಲೆ ಮುಗೀತು," ಎಂದರು. ಅವಳು ಆರ್ಟ್ಸಿಗೆ ಸೇರಿದಳು. ಮಧ್ಯಾಹ್ನಕ್ಕೆ ಮನೆಗೆ ಬರತೊಡಗಿದಳು. ನಾನು ಮಲಗಿದೆ. ನಿದ್ದೆ ಬರುತ್ತಿತ್ತು. ಬರುತ್ತಿರಲಿಲ್ಲ ಎಂದು ಹೇಳಿದರೆ ಅದು ಇನ್ನೊಂದು ಸುಳ್ಳಾಗುತ್ತದೆ.

ಸಂಕ್ರಾಂತಿಗೆ ಮೊದಲೇ ಅಜ್ಜಿ ತೀರಿಕೊಂಡಳು. ಯಾವ ಕಾರಣಕ್ಕೆ ಹಾಗೆ ಮಾಡಿದೆನೋ ಆ ಕಾರಣ ಒಂದು ವರ್ಷವೂ ಬಾಳಲಿಲ್ಲ. ಅಷ್ಟರಲ್ಲಿ ತಂಗಿ ಇತಿಹಾಸದ ಪಾಠಗಳನ್ನು ಅರ್ಧಕ್ಕಿಂತ ಹೆಚ್ಚು ಓದಿ ಮುಗಿಸಿದ್ದಳು. ಎದುರುಮನೆಗೆ ಸ್ಕೂಟರ್ ಬರುತ್ತಲೇ ಇತ್ತು. ದಸರಾ ಕಳೆದ ಮೇಲೆ ಆ ಸದ್ದಿಗೆ ಅವಳು ತಲೆ ಎತ್ತಿದ್ದನ್ನು ನಾನು ನೋಡಲಿಲ್ಲ.

ಅವಳು ಬಿಎ ಮಾಡಿದಳು, ಬಿಎಡ್ ಮಾಡಿದಳು, ಹೈಸ್ಕೂಲಿನಲ್ಲಿ ಸಮಾಜ ಪಾಠದ ಮೇಡಂ ಆದಳು. ನಾವಿಬ್ಬರೂ ಮದುವೆಯಾಗಲಿಲ್ಲ. ಅಪ್ಪ ಹೋದಮೇಲೂ ಅದೇ ಮನೆಯಲ್ಲಿದ್ದೆವು. ಎರಡು ಸಾವಿರದ ಇಸವಿ ದಾಟಿದ ಮೇಲೆ ಅವಳೂ ತನ್ನ ಮೇಡಂ ಮಾಡುತ್ತಿದ್ದುದನ್ನೇ ಶುರುಮಾಡಿದಳು. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೇಲೆ ಭಾನುವಾರಗಳಲ್ಲಿ ಮಕ್ಕಳು ನಮ್ಮ ಜಗಲಿಯ ಮೇಲೆ ಬಂದು ಕೂರುತ್ತಿದ್ದರು. ಅವಳು ಪಿಯುಸಿ, ಡಿಪ್ಲೊಮಾ, ಐಟಿಐ, ನರ್ಸಿಂಗ್ ಎಲ್ಲವನ್ನೂ ಹೇಳುತ್ತಿದ್ದಳು. ನಾನು ಪಾನಕ ಮಾಡಿ ಕೊಡುತ್ತಿದ್ದೆ.

"ಮನೇಲಿ ಏನಂತಾರೆ ಅನ್ನೋದು ಆಮೇಲೆ. ನಿಂಗೇನು ಇಷ್ಟ?" ಎಂದು ಪ್ರತಿಯೊಬ್ಬರನ್ನೂ ಕೇಳುತ್ತಿದ್ದಳು.

"ಪೊಲೀಸು, ಮೇಡಂ. ಬೈಕ್ ಕೊಡ್ತಾರೆ," ಎಂದ ಒಬ್ಬ.

"ಬೈಕಿಗೋಸ್ಕರ ಆದ್ರೆ ಮೆಕ್ಯಾನಿಕ್ ಆಗೋ. ದಿನಕ್ಕೊಂದು ಓಡಿಸ್ಬೋದು."

ಒಂದು ಭಾನುವಾರ ಒಬ್ಬ ಹುಡುಗಿ ತಾಯಿಯನ್ನು ಕರೆದುಕೊಂಡು ಬಂದಳು. ಹುಡುಗಿಗೆ ಸೈನ್ಸ್ ಬೇಕು. ತಾಯಿ, "ಹೂ ಕೇಳ್ಬುಟ್ಟು ಹೇಳ್ತೀವಿ ಮೇಡಮ್ಮೋರೆ," ಎಂದಳು.

ತಂಗಿ, "ಕೇಳಿ. ಆದ್ರೆ ಮಗಳ್ನೂ ಕರ್ಕೊಂಡು ಹೋಗಿ. ಅವ್ಳು ಒಳಗೆ ಬರೋ ಹಾಗಿಲ್ದಿದ್ರೆ ಆ ವಾರ ಬಿಟ್ಬಿಡಿ, ಮುಂದಿನ ವಾರ ಕೇಳಿ. ಬೇರೆಯವರನ್ನ ಕಳಿಸ್ಬೇಡಿ," ಎಂದಳು.

ನಾನು ಲೋಟಗಳ ತಟ್ಟೆ ಹಿಡಿದುಕೊಂಡು ಬಾಗಿಲಲ್ಲಿದ್ದೆ. ಎಲ್ಲರೂ ಹೋದಮೇಲೆ ಕೇಳಿದೆ. "ನಿಂಗೆ ಗೊತ್ತಿತ್ತಾ?"

"ಪೂಜಾರಪ್ಪೋರು ಹೇಳಿದ್ರು. ಆ ವರ್ಷ ದಸರಾ ರಜದಲ್ಲಿ ಗುಡಿಗೆ ಹೋಗಿದ್ದೆ. ಸೈನ್ಸು ಎಂಗೆ ನಡೀತದವ್ವಾ, ಬಲಗಡೆ ಕೊಟ್ಟವ್ಳೆ, ಭಯ ಬೀಳ್ಬೇಡ ಅಂದ್ರು."

"ನನ್ನ ಕೇಳ್ಬೋದಿತ್ತಲ್ಲ."

"ಕೇಳಿ?" ಎಂದಳು. ಕೋಪವಿರಲಿಲ್ಲ. ಚಾಪೆ ಮಡಿಸುತ್ತಿದ್ದಳು. "ಅಪ್ಪ ನಿನ್ನ ಬೈತಿದ್ರು. ಕಾಲೇಜು ಆಗ್ಲೇ ಶುರುವಾಗಿತ್ತು."

ನಾನು ತಪ್ಪಾಯಿತು ಎಂದೆ. ಅವಳು "ಹೂಂ" ಎಂದಳು. ಇಷ್ಟು ವರ್ಷ ಆ ಮಾತನ್ನು ಒಳಗೆ ಇಟ್ಟುಕೊಂಡಿದ್ದೆ, ಹೇಳಿದರೆ ಏನೋ ಇಳಿಯುತ್ತದೆ ಎಂದು. ಏನೂ ಇಳಿಯಲಿಲ್ಲ. ಇಬ್ಬರೂ ಊಟ ಮಾಡಿದೆವು.

ಶುಕ್ರವಾರ ಆ ತಾಯಿ ಮಗಳು ಗುಡಿಗೆ ಹೋಗುವಾಗ ನನ್ನನ್ನೂ ಕರೆದರು. ಹೋದೆ. ಪೂಜಾರಪ್ಪನವರ ಮಗ ಹೂ ಅಂಟಿಸಿದ. ಹುಡುಗಿ ಕೈ ಮುಗಿದುಕೊಂಡು, ಕಣ್ಣು ಮಾತ್ರ ಬಿಟ್ಟುಕೊಂಡು ನೋಡುತ್ತಿದ್ದಳು. ಹೂ ಬೀಳಲು ಹೊತ್ತಾಯಿತು. ಬಿದ್ದದ್ದು ಬಲಗಡೆಯದು. ತಾಯಿ ಅದನ್ನು ಮಗಳ ಜಡೆಗೆ ಸಿಕ್ಕಿಸಿದಳು.

ಮನೆಗೆ ಬಂದಾಗ ತಂಗಿ ಉತ್ತರಪತ್ರಿಕೆ ತಿದ್ದುತ್ತಿದ್ದಳು.

"ಯಾವ ಕಡೆ ಬಿತ್ತು?"

"ಬಲಗಡೆ. ತಡವಾಗಿ ಬಿತ್ತು," ಎಂದೆ.

ಅವಳು ತಲೆ ಎತ್ತಿ ನನ್ನನ್ನು ನೋಡಿದಳು. "ಸರಿ," ಎಂದು ಮತ್ತೆ ತಿದ್ದತೊಡಗಿದಳು.

ಭಾನುವಾರ ಆ ಹುಡುಗಿ ಬಂದಳು. ನಾನು ಪಾನಕ ಹಂಚುತ್ತಿದ್ದೆ. ತಂಗಿ ಅವಳನ್ನು ಹತ್ತಿರ ಕೂರಿಸಿಕೊಂಡು ಕೇಳಿದಳು. "ಹೇಳು, ಯಾವ ಕಡೆ ಬಿತ್ತು?"