ಟವೆಲಿನ ಕೆಳಗೆ ಕೇಳಿದ ಪ್ರಶ್ನೆ

ಮೊನ್ನೆ ನಿಪ್ಪಾಣಿ ಬಸ್ ಸ್ಟ್ಯಾಂಡಿನಲ್ಲಿ ಯಾರದೋ ಚೀಲದಿಂದ ತಂಬಾಕಿನ ಘಾಟು ಮೂಗಿಗೆ ಬಡಿದು ಸಾಲುಸಾಲಾಗಿ ಸೀನಿದೆ. ಸೀನು ನಿಂತಿತು. ಪಕ್ಕದ ಮನೆಯ ಕಾಕಾ ಮಾತ್ರ ನೆನಪಿನಿಂದ ಕದಲಲಿಲ್ಲ...

ಕಾಕಾ ತಂಬಾಕಿನ ದಲಾಲರು. ಚೀಲದ ಬಾಯಲ್ಲಿ ಚಿನ್ನವಿದ್ದರೂ ನಂಬುತ್ತಿರಲಿಲ್ಲ. ಮೊಣಕೈವರೆಗೆ ಕೈ ತೂರಿಸಿ, ತಳದ ಮಾಲು ತೆಗೆದು ಮೂಸಿದ ಮೇಲೆಯೇ ಮಾತು. ರೇಟನ್ನೂ ಬಾಯಲ್ಲಿ ಹೇಳುತ್ತಿರಲಿಲ್ಲ. ಹೆಗಲ ಟವೆಲನ್ನು ಕೈಗಳ ಮೇಲೆ ಹೊದಿಸಿ, ಅದರ ಕೆಳಗೆ ರೇಟಿಗೆ ತಕ್ಕಷ್ಟು ಎದುರಿನವನ ಬೆರಳು ಹಿಡಿದೇ ವ್ಯವಹಾರ ಕುದುರಿಸುತ್ತಿದ್ದರು.

ಇಂಥ ಸಂಶಯಪಿಶಾಚಿಗೆ ಕಾಮಾಲೆ ಬಂತು. ಕಣ್ಣು ಅರಿಶಿನ, ಮೈಯೆಲ್ಲ ತುರಿಕೆ. ಬೆಳಗಾವಿಯ ಆಸ್ಪತ್ರೆಗೆ ನಾನೇ ಜೊತೆಗೆ ಹೋಗಿದ್ದೆ. ಪಿತ್ತನಾಳ ಒಂದೆಡೆ ಕಿರಿದಾಗಿದೆ, ಕ್ಯಾನ್ಸರ್ ಇರಬಹುದು ಎಂದರು ಡಾಕ್ಟರು. ಬಾಯಿಯಿಂದ ನಳಿಕೆ ಇಳಿಸಿ, ಸಣ್ಣ ಬ್ರಶ್‌ನಿಂದ ಅಲ್ಲಿ ಉಜ್ಜಿ ಜೀವಕೋಶ ತೆಗೆದರು. ಪಿತ್ತ ಹರಿಯಲೆಂದು ಸ್ಟೆಂಟ್ ಎಂಬ ಪುಟ್ಟ ಕೊಳವೆ ಹಾಕಿದರು. ರಿಪೋರ್ಟ್ ಬಂತು: ಕ್ಯಾನ್ಸರ್ ಕೋಶಗಳು ಕಂಡಿಲ್ಲ.

"ಪಾಸ ಆದ್ನೆಪಾ!" ಎಂದು ಕಾಕಾ ಓಣಿಗೆಲ್ಲ ಪೇಡೆ ಹಂಚಿದರು. ಕಂಡಿಲ್ಲ ಎಂದರೆ ಇಲ್ಲವೆಂದಲ್ಲ, ಇನ್ನೊಮ್ಮೆ ಮಾದರಿ ತೆಗೆಯಬೇಕು ಎಂದು ಆಸ್ಪತ್ರೆಯವರು ಫೋನ್ ಮಾಡಿದರೆ, ಕಾಕಾ ರಾಂಗ್ ನಂಬರ್ ಎಂದು ಇಟ್ಟುಬಿಡುತ್ತಿದ್ದರು. ಸ್ಟೆಂಟ್‌ನಿಂದಾಗಿ ಕಣ್ಣು ಬೆಳ್ಳಗಾಗಿತ್ತು, ಊಟ ಸೇರುತ್ತಿತ್ತು. ಅವರ ಹೆಂಡತಿ, ನಮ್ಮ ಕಾಕು, ದಿನಾ ಬೆನ್ನು ಹತ್ತಿದರೂ ಜಗ್ಗಲಿಲ್ಲ. ಎರಡು ತಿಂಗಳು ಹೀಗೇ ಕಳೆಯಿತು.

ಕೊನೆಗೆ ಸ್ಟೆಂಟ್ ಬದಲಿಸುವ ನೆಪದಲ್ಲಿ ಕಾಕು ಅವರನ್ನು ಎಳೆದುಕೊಂಡು ಹೊರಟರು, ನಾನೂ ಹೋದೆ. ಡಾಕ್ಟರು ಅಥಣಿ ಕಡೆಯವರು, ದನದ ವ್ಯಾಪಾರದ ಮನೆತನ, ಬೆರಳಿನ ಲೆಕ್ಕ ಬಲ್ಲವರು. ಕಾಕಾ ಫಟ್ಟನೆ ಅವರ ಕೈ ಮೇಲೆ ಟವೆಲ್ ಹೊದಿಸಿದರು.

"ಹತ್ತ ಮಂದಿಗೆ ಈ ಬ್ಯಾನಿ ಇದ್ರ, ನಿಮ್ಮ ಬ್ರಶ್ಶಿಗೆ ಎಷ್ಟ ಮಂದೀದು ಸಿಗತೈತ್ರಿ? ಮನಿಯಾಕಿ ಮುಂದ ಬಾಯಿಲೆ ಹೇಳಬ್ಯಾಡ್ರಿ."

ಡಾಕ್ಟರು ನಗು ತಡೆದುಕೊಂಡು, ಟವೆಲಿನ ಕೆಳಗೆ ಕಾಕಾನ ಐದೂ ಬೆರಳು ಒಟ್ಟಿಗೆ ಹಿಡಿದರು.

"ಐದಾ? ಅರ್ಧ ಮಾಲ ಒಳಗ ಉಳೀತಲ್ರೀ!" ಗುಟ್ಟೆಲ್ಲ ಕಾಕಾನ ಬಾಯಿಂದಲೇ ಹೊರಬಿತ್ತು.

"ಹೆಚ್ಚೂಕಮ್ಮಿ ಹಂಗ ಐತ್ರಿ ಕಾಕಾ," ಎಂದರು ಡಾಕ್ಟರು. "ಈ ಗಡ್ಡಿ ಗಟ್ಟಿ ನಾರಿನೊಳಗ ಅಡಗಿರತೈತಿ, ಬ್ರಶ್ ಮ್ಯಾಲ ಮ್ಯಾಲ ಉಜ್ಜತೈತಿ. ಈ ಸಲ ಚಿಮಟಿಲೆ ಒಂದೀಟು ಚೂರೂ ತೊಗೋಳೂಣು. ಅದೂ ಖಾತ್ರಿ ಅಲ್ಲ, ಆದ್ರ ಎರಡೂ ಕೂಡಿದ್ರ ಸಿಗೂದು ಹೆಚ್ಚು."

"ಅಂದ್ರ ನಾ ಚೀಲದ ಬಾಯಿ ನೋಡಿ ಪೇಡೆ ಹಂಚೇನಿ," ಎಂದು ಕಾಕಾ ಸಪ್ಪಗೆ ನಕ್ಕು ಒಪ್ಪಿಕೊಂಡರು.

ಈ ಸಲ ಸಿಕ್ಕಿತು. ಕ್ಯಾನ್ಸರೇ. ಕಾಕು ಅಲ್ಲೇ ಬೆಂಚಿನ ಮೇಲೆ ಕುಸಿದು ಅತ್ತರು.

"ಸಿಕ್ಕಿದ್ದಕ್ಕ ಯಾಕ ಅಳ್ತೀ? ಸಿಗಲಿಲ್ಲಂದ್ರ ಅಳಬೇಕಿತ್ತು," ಎಂದು ಕಾಕಾ ಗದರಿದರು. ಕಾಕು ಅಳುತ್ತಲೇ ನಕ್ಕರು.

ಆಪರೇಷನ್ ಆಯಿತು. ಕೆಲವು ವರ್ಷ ಚೆನ್ನಾಗಿಯೇ ಇದ್ದರು... ಆಮೇಲೆ ಅದು ಮರಳಿ ಬಂತು, ಕಾಕಾ ಹೋದರು.

ಬಸ್ ಸ್ಟ್ಯಾಂಡಿನಿಂದ ಸೀದಾ ಕಾಕು ಬಳಿಗೇ ಹೋದೆ. ಚಹಾ ಕೊಟ್ಟು, ಎಂದಿನಂತೆ ಕೇಳಿದರು: "ಆ ಎರಡ ತಿಂಗಳಾ ಹಾಳ ಮಾಡಲಿಲ್ಲಂದ್ರ ಇನ್ನೂ ಇರ್ತಿದ್ರೇನಪಾ?"

ನನಗೆ ಗೊತ್ತಿಲ್ಲ. ಡಾಕ್ಟರಿಗೂ ಗೊತ್ತಿರಲಿಕ್ಕಿಲ್ಲ. ಕಾಕಾ ಇದ್ದಿದ್ದರೆ ಏನಾದರೊಂದು ಗದರಿ ಅವರನ್ನು ನಗಿಸುತ್ತಿದ್ದರು. ನನಗೆ ಅದು ಬರುವುದಿಲ್ಲ. ಇನ್ನರ್ಧ ಕಪ್ ಚಹಾ ಕೇಳಿದೆ.